ಸಾಂಬ್ರಾದಿಂದ ದಿಲ್ಲಿಗೆ ಎಷ್ಟು ತಾಸು?

ಹೊರಡುವ ಹಿಂದಿನ ರಾತ್ರಿ ಮೊಬೈಲ್ ನಕಾಶೆಯಲ್ಲಿ ಬೆಳಗಾವಿಯ ವಿಮಾನ ನಿಲ್ದಾಣವಿರುವ ಸಾಂಬ್ರಾದಿಂದ ದಿಲ್ಲಿಗೆ ಗೆರೆ ಎಳೆದು ನೋಡಿದ್ದೆ. ನೇರ ಸುಮಾರು 1,430 ಕಿ.ಮೀ. ಗೋದಾವರಿ, ತಾಪಿ, ನರ್ಮದೆ, ಚಂಬಲ್ ಎಲ್ಲ ದಾಟುವ ಗೆರೆ. ವಿಮಾನ ತಾಸಿಗೆ 850 ಕಿ.ಮೀ. ಹೋದರೆ 1 ತಾಸು 40 ನಿಮಿಷ ಸಾಕು. ಟಿಕೆಟ್ಟಿನಲ್ಲಿ ಮಾತ್ರ ಎರಡೂವರೆ ತಾಸು. ಉಳಿದ 50 ನಿಮಿಷ ಎಲ್ಲಿ ಹೋಯಿತು?

ಬಾಗಲಕೋಟೆಯಿಂದ ನಸುಕಿನ ಬಸ್ಸು. ಲೋಕಾಪುರ ದಾಟಿದ ಮೇಲೆ ನಿದ್ದೆ ಹತ್ತಿತು. ಬೆಳಗಾವಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಆಟೋದವರು ಕೇಳಿದಷ್ಟು ಕೊಟ್ಟು, ಬಂದ ದಾರಿಯಲ್ಲೇ ಹತ್ತು ಕಿ.ಮೀ. ತಿರುಗಿ ಹೋದೆ! ಸಾಂಬ್ರಾ ಇರುವುದೇ ಬಾಗಲಕೋಟೆ ರಸ್ತೆಯ ಮೇಲೆ. ನಮ್ಮ ಕಡೆಯವರು ಕಂಡಕ್ಟರಿಗೆ ಮೊದಲೇ ಹೇಳಿ ಅಲ್ಲೇ ಇಳಿಯಿರಿ. ಆ ದುಡ್ಡು ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ.

ವಿಮಾನದಲ್ಲಿ ಪಕ್ಕಕ್ಕೆ ಕೂತ ಹಿರಿಯರು ನನ್ನ ಗುರುತು ಹಿಡಿದರು. "ಯವ್ವಾ, ನೀ ನಮ್ಮ ಬಸ್ಸಿನ್ಯಾಗ ಇದ್ದಿ. ನಾ ಸಾಂಬ್ರಾದಾಗ ಇಳದೆ. ನೀನೂ ಇಲ್ಲೇ ಬರಾಕಿ ಅಂತ ಗೊತ್ತಿದ್ರ ಎಬ್ಬಸ್ತಿದ್ದೆ." ಮೂವತ್ತು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದವರು. ಮಗ ಸೈನ್ಯದಲ್ಲಿ, ದಿಲ್ಲಿಯಲ್ಲಿ. ಮೊದಲ ವಿಮಾನ. ಕೈಚೀಲದಿಂದ ಅಮೀನಗಡದ ಕರದಂಟು ತೆಗೆದು ಕೊಟ್ಟರು. ವಿಮಾನದಲ್ಲಿ ಮಾರುವ ತಣ್ಣನೆಯ ಬ್ರೆಡ್ಡು ಅದರ ಹತ್ತಿರಕ್ಕೂ ಬಾರದು.

ಅವರಿಗೇ ಕೇಳಿದೆ, "ಕಾಕಾ, ಲೆಕ್ಕಾ ಹಾಕಿದ್ರ ಎರಡು ತಾಸೂ ಆಗೂದಿಲ್ಲ. ಎರಡೂವರಿ ಯಾಕ್ರಿ?"

"ಬಾಗಲಕೋಟಿ–ಬೆಳಗಾವಿ 140 ಕಿಲೋಮೀಟರ್. ಗಾಡಿ ಅರವತ್ತರಾಗ ಓಡತೈತಿ. ಹಂಗಂತ ಎರಡು ತಾಸು ಇಪ್ಪತ್ತು ನಿಮಿಷಕ್ಕ ಮುಟ್ಟತೈತೇನು? ಸ್ಟ್ಯಾಂಡಿನ್ಯಾಗ ರಿವರ್ಸ್ ತಗೋಬೇಕು, ಊರು ದಾಟಬೇಕು, ಯರಗಟ್ಟ್ಯಾಗ ನಿಲ್ಲಬೇಕು. ಎಲ್ಲಾ ಹಿಡದು ರನ್ನಿಂಗ್ ಟೈಮ್ ಕೊಡ್ತಾರ. ಸ್ಟ್ಯಾಂಡ್ ಬಿಟ್ಟಾಗಿಂದ ಸ್ಟ್ಯಾಂಡ್ ಮುಟ್ಟೂತನಾ."

ವಿಮಾನದ ವೇಳಾಪಟ್ಟಿಯೂ ಹಾಗೆಯೇ. ನಿಂತ ಜಾಗ ಬಿಟ್ಟ ಗಳಿಗೆಯಿಂದ ಅಲ್ಲಿ ಹೋಗಿ ನಿಲ್ಲುವ ಗಳಿಗೆಯವರೆಗಿನ ಲೆಕ್ಕ. ರನ್‌ವೇಗೆ ಉರುಳುವುದು, ಏರುವಾಗ ಇಳಿಯುವಾಗ ಕಡಿಮೆ ವೇಗ, ನನ್ನ ಗೆರೆಗಿಂತ ಸುತ್ತಿನ ವಾಯುಮಾರ್ಗ, ದಿಲ್ಲಿಯ ಮೇಲೆ ಇಳಿಯಲು ಕಾಯುವ ಸರದಿ, ಎಲ್ಲ ಅದರೊಳಗೆ. ನಕಾಶೆ ಹಿಡಿದು ಕೂತ ನನಗೆ ಹೊಳೆಯದ್ದು ಸ್ಟೇರಿಂಗ್ ಹಿಡಿದವರಿಗೆ ಕೂತಲ್ಲೇ ಗೊತ್ತಿತ್ತು. ಅವರ ಮೇಲೆ ನನಗೆ ಬಹಳ ಅಭಿಮಾನ ಉಕ್ಕಿತು.

ಗಾಲಿ ನೆಲ ಬಿಟ್ಟಾಗಿನಿಂದ ನೆಲ ಮುಟ್ಟುವವರೆಗೆ ಇಬ್ಬರೂ ಗಡಿಯಾರ ನೋಡಿದೆವು: 2 ತಾಸು 8 ನಿಮಿಷ. ನಾನು ಚೀಲಕ್ಕೆ ಕೈ ಹಾಕಿದೆ.

"ಕುಂದ್ರ ಯವ್ವಾ, ಸ್ಟ್ಯಾಂಡ್ ಇನ್ನೂ ದೂರ ಐತಿ."

ಮತ್ತೆ 17 ನಿಮಿಷ ಉರುಳಿದೆವು. ಕಿಟಕಿಗೆ ಹಣೆ ಹಚ್ಚಿ ಕಾಕಾ, ಹಾದುಹೋದ ಒಂದೊಂದು ವಿಮಾನಕ್ಕೂ "ಇದು ಯಾವೂರಿಗೆ ಹೊಂಟೈತಿ?" ಎಂದು ಕೇಳುತ್ತಿದ್ದರು.