ದೋಷವೂ ಇಲ್ಲ, ಡೇಟಾವೂ ಇಲ್ಲ

ನಮ್ಮ ಬೆಂಗಳೂರಿನ ಕಚೇರಿಯಲ್ಲಿ ಗ್ರಾಫ್ ಡೇಟಾಬೇಸ್ (ಮಾಹಿತಿಯನ್ನು ಬಿಂದುಗಳಾಗಿ, ಅವುಗಳ ನಡುವಿನ ಸಂಬಂಧಗಳಾಗಿ ಇಡುವ ಡೇಟಾಬೇಸ್) ಬಳಸುವ ತಂಡಗಳಿಗಾಗಿ, ಪ್ರೋಗ್ರಾಂನಿಂದ ಅದರ ಜೊತೆ ಮಾತಾಡಲು ಬೇಕಾದ ಕ್ಲೈಂಟ್ ಲೈಬ್ರರಿಗಳ ಕೈಪಿಡಿಯನ್ನು ಬರೆದು ನೋಡಿಕೊಳ್ಳುವ ಕೆಲಸ ನನ್ನದು. ಆ ಡೇಟಾಬೇಸನ್ನು ನಾವು ಅಪಾಚೆ ಟಿಂಕರ್‌ಪಾಪ್ ಯೋಜನೆಯ ಗ್ರೆಮ್ಲಿನ್ ಭಾಷೆಯಲ್ಲಿ ಪ್ರಶ್ನಿಸುತ್ತೇವೆ. ಪೈಥಾನ್, ಜಾವಾ, ಜಾವಾಸ್ಕ್ರಿಪ್ಟ್, ಗೋ ಹೀಗೆ ನಾವು ಪ್ರೋಗ್ರಾಂ ಬರೆಯುವ ಭಾಷೆಯ ಫಂಕ್ಷನ್‌ಗಳನ್ನೇ ಒಂದಕ್ಕೊಂದು ಪೋಣಿಸಿ ಪ್ರಶ್ನೆ ಕಟ್ಟಬಹುದೆಂಬುದು ಗ್ರೆಮ್ಲಿನ್‌ನ ಸೊಗಸು. ತೊಡಕು ಹುಟ್ಟಿದ್ದೂ ಅಲ್ಲಿಯೇ.

ಹೊಸದಾಗಿ ಸೇರಿದ್ದ ಸಹೋದ್ಯೋಗಿಯೊಬ್ಬರು ಒಂದು ಮಧ್ಯಾಹ್ನ ಲ್ಯಾಪ್‌ಟಾಪ್ ಹಿಡಿದು ಬಂದು, "ಸರ್, ಎರರ್ ಏನೂ ಬರ್ತಿಲ್ಲ, ಆದ್ರೆ ಡೇಟಾನೂ ಸೇರ್ತಿಲ್ಲ" ಎಂದರು. ನಮ್ಮ ಕೈಪಿಡಿಯ ಮೊದಲ ಉದಾಹರಣೆಯನ್ನೇ ಅವರು ಪೈಥಾನ್‌ನಲ್ಲಿ ಬರೆದಿದ್ದರು: ವರ್ಟೆಕ್ಸ್ (ಗ್ರಾಫ್‌ನ ಒಂದು ಬಿಂದು) ಸೇರಿಸುವ 'ಆ್ಯಡ್_ವಿ', ಅದಕ್ಕೆ ಹೆಸರು ಕೊಡುವ 'ಪ್ರಾಪರ್ಟಿ', ಅಲ್ಲಿಗೆ ಸಾಲು ಮುಗಿದಿತ್ತು. ಬೆಳಗಿನಿಂದ ಅವರು ನೆಟ್‌ವರ್ಕ್, ಪಾಸ್‌ವರ್ಡ್, ಸರ್ವರ್ ಲಾಗ್ ಎಲ್ಲವನ್ನೂ ಜಾಲಾಡಿದ್ದರು. ಕೊರತೆ ಇದ್ದದ್ದು ಸಾಲಿನ ತುದಿಯಲ್ಲಿ ಬರಬೇಕಿದ್ದ 'ಇಟರೇಟ್' ಎಂಬ ಒಂದೇ ಪದದಲ್ಲಿ. ನಾನು ಆ ಉದಾಹರಣೆಯನ್ನು, ಸಾಲು ಟೈಪ್ ಮಾಡಿ ಅಲ್ಲೇ ಪ್ರಯೋಗಿಸುವ ಗ್ರೆಮ್ಲಿನ್ ಕನ್ಸೋಲ್‌ನಲ್ಲಿ ಪರೀಕ್ಷಿಸಿ ಪುಟಕ್ಕೆ ಇಳಿಸಿದ್ದೆ. ಕನ್ಸೋಲ್ ಸಾಲನ್ನು ತಾನಾಗಿಯೇ ಓಡಿಸಿ ಫಲಿತಾಂಶ ತೋರಿಸುತ್ತದೆ. ಪ್ರೋಗ್ರಾಂನಲ್ಲಾದರೋ ಆ ಸರಪಳಿ ಕೇವಲ ಪ್ರಶ್ನೆಯ ವಿವರಣೆಯಾಗಿರುತ್ತದೆ. 'ನೆಕ್ಸ್ಟ್', 'ಟು_ಲಿಸ್ಟ್' ಅಥವಾ 'ಇಟರೇಟ್' ಎಂದು ಕರೆಯುವವರೆಗೆ ಸರ್ವರ್‌ಗೆ ಏನೂ ಹೋಗುವುದಿಲ್ಲ. ಅವರ ಅರ್ಧ ದಿನ ಹಾಳಾದದ್ದು ನನ್ನ ಪುಟದಿಂದ ಎಂಬುದು ನನ್ನನ್ನು ಬಹಳ ಕಾಡಿತು.

ಮರುದಿನ ಪ್ರತಿ ಭಾಷೆಯ ಪುಟವನ್ನೂ ಆ ಭಾಷೆಯವರ ಕಣ್ಣಿನಿಂದ ಓದಲು ಕುಳಿತೆ. ಒಂದೇ ಉದಾಹರಣೆಯನ್ನು ಎಲ್ಲ ಭಾಷೆಗಳಿಗೂ ಅಚ್ಚು ಹೊಯ್ದಂತೆ ಬರೆದಿದ್ದು ಎಷ್ಟು ತಪ್ಪೆಂದು ಆಗ ಮನದಟ್ಟಾಯಿತು. ಪೈಥಾನ್‌ನಲ್ಲಿ 'ಇನ್', 'ಆ್ಯಸ್', 'ಫ್ರಮ್' ಮೊದಲಾದವು ಕಾಯ್ದಿರಿಸಿದ ಪದಗಳಾದ್ದರಿಂದ ಆ ಹೆಸರಿನ ಹೆಜ್ಜೆಗಳ (ಸರಪಳಿಯಲ್ಲಿ ಪೋಣಿಸುವ ಫಂಕ್ಷನ್‌ಗಳ) ಕೊನೆಗೆ ಅಂಡರ್‌ಸ್ಕೋರ್ ಬೇಕು. ಜಾವಾಸ್ಕ್ರಿಪ್ಟ್‌ನಲ್ಲಿ 'ನೆಕ್ಸ್ಟ್' ಪ್ರಾಮಿಸ್ ಒಂದನ್ನು, ಅಂದರೆ ಉತ್ತರ ಆಮೇಲೆ ಬರುತ್ತದೆಂಬ ಭರವಸೆಯನ್ನಷ್ಟೇ, ಕೊಡುವುದರಿಂದ ಅದಕ್ಕಾಗಿ ಕಾಯುವ 'ಅವೇಟ್' ಇಲ್ಲದೆ ಉತ್ತರ ಕೈಗೆ ಸಿಗುವುದಿಲ್ಲ. ಗೋ ಭಾಷೆಯಲ್ಲಿ ಹೆಜ್ಜೆಗಳ ಹೆಸರು ದೊಡ್ಡಕ್ಷರದಿಂದ ಆರಂಭವಾಗುತ್ತದೆ, ಮತ್ತು 'ಟುಲಿಸ್ಟ್' ಫಲಿತಾಂಶದ ಜೊತೆಗೆ ಎರರ್ ಅನ್ನೂ ಹಿಂದಿರುಗಿಸುತ್ತದೆ. 2022ರಲ್ಲಿ ಬಂದ ಟಿಂಕರ್‌ಪಾಪ್ 3.6.0 ಆವೃತ್ತಿಯಿಂದ ಪೈಥಾನ್ ಲೈಬ್ರರಿಯು ಆ ಭಾಷೆಯ ರೂಢಿಯಂತೆ ಅಂಡರ್‌ಸ್ಕೋರ್ ಹೆಸರುಗಳನ್ನು ಅಳವಡಿಸಿಕೊಂಡಿದ್ದರೂ ನಮ್ಮ ಪುಟಗಳಲ್ಲಿ ಹಳೆಯ ಮತ್ತು ಹೊಸ ಹೆಸರುಗಳು ಬೆರೆತುಕೊಂಡಿದ್ದವು.

ಕೈಯಿಂದ ತಿದ್ದಿದರೆ ಮತ್ತೆ ಹಳತಾಗುವುದು ಖಚಿತವಿತ್ತು. ಆದ್ದರಿಂದ ಉದಾಹರಣೆಗಳನ್ನೆಲ್ಲ ಆಯಾ ಭಾಷೆಯ ಟೆಸ್ಟ್ ಫೈಲ್‌ಗಳಿಗೆ ಸಾಗಿಸಿ, ಡಾಕರ್‌ನಲ್ಲಿ (ಪ್ರೋಗ್ರಾಂಗಳನ್ನು ಪ್ರತ್ಯೇಕ ಪೆಟ್ಟಿಗೆಯಲ್ಲಿಟ್ಟಂತೆ ಓಡಿಸುವ ಸಾಧನ) ಎಬ್ಬಿಸಿದ ಸರ್ವರ್ ಎದುರು ಅವು ಓಡಿ ಗೆದ್ದರೆ ಮಾತ್ರ, ಗುರುತು ಹಾಕಿದ ಸಾಲುಗಳು ಪುಟಕ್ಕೆ ಬರುವಂತೆ ಮಾಡಿದೆವು. ಇದಕ್ಕೆ ಎರಡು ವಾರ ಹಿಡಿಯಿತು. ಸರಪಳಿಯನ್ನು ಓಡಿಸುವ ಹೆಜ್ಜೆಯ ಬಗ್ಗೆ ಪ್ರತಿ ಭಾಷೆಯ ಮೊದಲ ಪುಟದಲ್ಲೇ, ಸಂಪರ್ಕ ಸಾಧಿಸುವ ಸಾಲಿನ ಕೆಳಗೇ, ಒಂದು ಪ್ಯಾರಾ ಬರೆದೆ.

ಹೊಸ ಪುಟವನ್ನು ಮೊದಲು ತೋರಿಸಿದ್ದು ಅದೇ ಸಹೋದ್ಯೋಗಿಗೆ. ಅವರು ನನ್ನ ಸಹಾಯವಿಲ್ಲದೆ ಸಾಲು ಸಾಲಾಗಿ ಬರೆದು ಓಡಿಸಿದರು, ವರ್ಟೆಕ್ಸ್ ಸೇರಿತು. ಆಮೇಲೆ ಸ್ವಲ್ಪ ಹೊತ್ತು ಪುಟವನ್ನು ಮೇಲೆ ಕೆಳಗೆ ಸರಿಸಿ ನೋಡಿ, "ಸರ್, ಕನೆಕ್ಷನ್ ಕ್ಲೋಸ್ ಮಾಡೋದು ಎಲ್ಲಿದೆ?" ಎಂದು ಕೇಳಿದರು. ಟೆಸ್ಟ್‌ಗಳಲ್ಲಿ ಆ ಕೆಲಸವನ್ನು ಎಲ್ಲಕ್ಕೂ ಸೇರಿ ಕೊನೆಯ ಒಂದೇ ಫಂಕ್ಷನ್ ಮಾಡುತ್ತಿತ್ತು. ಹಾಗಾಗಿ ಗುರುತು ಹಾಕಿದ ಸಾಲುಗಳೊಳಗೆ ಅದು ಬಂದಿರಲಿಲ್ಲ. ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡು, ಆ ಸಾಲನ್ನು ನಾಲ್ಕೂ ಭಾಷೆಗಳ ಪುಟಗಳಲ್ಲಿ ಅಂದು ಸಂಜೆಯೇ ಸೇರಿಸಿದೆವು.