ಶಾಲು ಬೇಡ, ಬಸ್ ಮಾಡ್ರಿ

ನಮ್ಮ ಊರ ಚರ್ಚಿನ ಫಾದರ್‌ಗೆ ಒಂದು ಸನ್ಮಾನ ಮಾಡಬೇಕು ಅಂತ ಮಾತು ಎದ್ದು ಬಹಳ ದಿನ ಆಗಿತ್ತು. ಹಾಲ್, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಅಭಿನಂದನಾ ಪತ್ರ ಎಲ್ಲದರ ಲೆಕ್ಕವೂ ಹಾಕಿ ಆಗಿತ್ತು. ಒಪ್ಪಿಸಲು ಹೋದವರಿಗೆ ಅವರು ಹೇಳಿದ್ದು ಇಷ್ಟೇ. "ದಾವಣಗೆರೆ ಬಿಸಿಲಿಗೆ ಶಾಲು ತಗೊಂಡು ಏನ್ ಮಾಡ್ಲಿ? ಅದೇ ದುಡ್ಡಿಗೆ ಒಂದು ಬಸ್ ಮಾಡ್ರಿ. ಚಿತ್ರದುರ್ಗ ನೋಡ್ಕೊಂಡು ಬ್ರಹ್ಮಗಿರಿಗೆ ಹೋಗಿ ಬರೋಣ."

ಫಾದರ್ ಈ ಊರಿನವರಲ್ಲ. ವರ್ಗವಾಗಿ ಬಂದವರು. ಬಂದ ಹೊಸದರಲ್ಲೇ ಮಂಡಕ್ಕಿ ಭಟ್ಟಿ ಕಡೆಯ ಮಕ್ಕಳಿಗೆ ಸಂಜೆ ಪಾಠ ಶುರು ಮಾಡಿದರು. ಜಾತಿ ಧರ್ಮ ಕೇಳಲಿಲ್ಲ, ಫೀಸೂ ಇಲ್ಲ. ಪಾಠ ಮುಗಿದ ಮೇಲೆ ಅನ್ನ ಸಾರು. ಒಂದು ದಿನ ಓಬವ್ವನ ಪಾಠ ಬಂತು. ಮಕ್ಕಳಿಗೆ ಕಥೆ ಪೂರ್ತಿ ಬಾಯಿಪಾಠ. ಆದರೆ ಕೋಟೆ ನೋಡಿದವರು ಯಾರೂ ಇರಲಿಲ್ಲ. ದುರ್ಗ ಇಲ್ಲಿಂದ ಹೆಚ್ಚು ಕಡಿಮೆ 60 ಕಿಲೋಮೀಟರ್, ಅಷ್ಟೇ! ಆ ಭಾನುವಾರ ಪೂಜೆ ಮುಗಿಸಿ, ಕೆಂಪು ಬಸ್ಸಿನಲ್ಲಿ ಅವರನ್ನೆಲ್ಲ ಕರೆದುಕೊಂಡು ಹೋದರಂತೆ. ಅಲ್ಲಿಂದ ಶುರುವಾಯಿತು ಈ ಪ್ರವಾಸದ ಹುಚ್ಚು. ಆಮೇಲೆ ಮಕ್ಕಳ ಅಪ್ಪ ಅಮ್ಮ ಸೇರಿದರು. ನಮ್ಮಂಥ ನಿವೃತ್ತರೂ ಸೇರಿದೆವು. ದೊಡ್ಡವರು ಕೊಡುವ ದುಡ್ಡಿನಲ್ಲಿ ಮಕ್ಕಳ ಸೀಟಿನ ಖರ್ಚೂ ಸೇರಿರುತ್ತದೆ. ಯಾರೂ ಅದನ್ನು ಬಾಯಿ ಬಿಟ್ಟು ಹೇಳುವುದಿಲ್ಲ.

ಹೀಗೆ ಸನ್ಮಾನದ ದುಡ್ಡಿನಲ್ಲಿ ಬಸ್ ಹೊರಟಿತು. ಹೈವೇಯಲ್ಲಿ ಭರಮಸಾಗರದ ಕೆರೆ ಬಂದಾಗ ಫಾದರ್ ಎದ್ದು ನಿಂತರು. ಈ ಕೆರೆ ಕಟ್ಟಿಸಿದ್ದು ದುರ್ಗದ ಭರಮಣ್ಣ ನಾಯಕ. ಊರಿಗೂ ಅವನದೇ ಹೆಸರು. ಆಮೇಲೆ ಸಿರಿಗೆರೆ ಇರುವ ದಿಕ್ಕಿಗೆ ಕೈ ತೋರಿಸಿದರು. ಅಲ್ಲಿನ ತರಳಬಾಳು ಮಠದ ಶಿವಕುಮಾರ ಶಿವಾಚಾರ್ಯ ಸ್ವಾಮಿಗಳು ಹಳ್ಳಿ ಹಳ್ಳಿಗೆ ಶಾಲೆ ಮಾಡಿಸಿದವರು. 1992ರಲ್ಲಿ ತೀರಿಕೊಂಡರು. ನಮ್ಮ ಊರಿನ ಜಯದೇವ ಸರ್ಕಲ್ ದಿನಾ ದಾಟುತ್ತೇವಲ್ಲ, ಆ ಮುರುಘಾ ಮಠದ ಜಯದೇವ ಸ್ವಾಮಿಗಳು ಬಡ ಹುಡುಗರಿಗೆ ಉಚಿತ ಪ್ರಸಾದ ನಿಲಯ ತೆಗೆದವರು. "ನಾನು ಹೊಸದೇನೂ ಮಾಡ್ತಿಲ್ರೀ" ಅಂದರು ಫಾದರ್. "ಈ ದಾರಿಯ ಸ್ವಾಮಿಗಳು ಊಟಾನೂ ಹಾಕಿದ್ರು, ಪಾಠಾನೂ ಹೇಳಿಸಿದ್ರು. ನಾನು ಅದಕ್ಕೆ ಬಸ್ ಸೇರಿಸಿದೆ, ಅಷ್ಟೇ."

ಗುಡ್ಡದ ಮೇಲಿನ ಗಾಳಿ ಫ್ಯಾನುಗಳು ಕಾಣಿಸಿದವು ಅಂದರೆ ದುರ್ಗ ಬಂತು ಅಂತ ಲೆಕ್ಕ.

ಕೋಟೆಯಲ್ಲಿ ಫಾದರ್ ಓಬವ್ವನ ಕಿಂಡಿಗೆ ಮೊದಲು ಬಿಡುವುದಿಲ್ಲ. ಎಲ್ಲರೂ ಅಲ್ಲಿಗೇ ಓಡಬೇಕು ಅಂತಿರುತ್ತಾರೆ, ಇವರು ಬಾಗಿಲಲ್ಲೇ ನಿಲ್ಲಿಸುತ್ತಾರೆ. ಒಂದು ಬಾಗಿಲು ದಾಟಿದರೆ ಮುಂದಿನದು ನೇರಕ್ಕೆ ಕಾಣುವುದಿಲ್ಲ, ದಾರಿ ಪಕ್ಕಕ್ಕೆ ತಿರುಗುತ್ತದೆ. ಆನೆ ಓಡಿ ಬಂದು ಬಾಗಿಲಿಗೆ ಗುದ್ದೋಣ ಅಂದರೆ ಓಡುವುದಕ್ಕೆ ಜಾಗವೇ ಇಲ್ಲ. ಇದನ್ನು ಅವರು ಹೇಳುವುದಿಲ್ಲ, ಹುಡುಗರ ಕೈಯಲ್ಲಿ ಹೇಳಿಸುತ್ತಾರೆ. "ನೀನೇ ಆನೆ ಅಂತ ತಿಳ್ಕೋ. ಈಗ ಓಡು ನೋಡೋಣ." ಹುಡುಗ ಓಡಿ ತಿರುವಿನಲ್ಲಿ ಗೋಡೆಗೆ ಕೈ ಕೊಟ್ಟು ನಿಂತ. ನಮಗೆಲ್ಲ ಅರ್ಥವಾಯಿತು. ಬಂಡೆಗಳ ಮೇಲೆ ಸಾಲಾಗಿ ಇರುವ ಉಳಿ ಗುಳಿಗಳನ್ನು ಬೆರಳಿಟ್ಟು ಮುಟ್ಟಿಸಿದರು. ಕಲ್ಲು ಸೀಳಿದ್ದು ಹೀಗೆ. ರಾಜರ ಹೆಸರು ಬೇಕಾದಷ್ಟು ಕಡೆ ಸಿಗುತ್ತದೆ, ಈ ಗುಳಿ ಹೊಡೆದವರ ಹೆಸರು ಎಲ್ಲಿದೆ ಹುಡುಕ್ರಿ ಅಂದರು. ಹಮಾಲಿ ಮಾಡುವ ಒಬ್ಬರು ಆ ಕಲ್ಲಿನ ಹತ್ತಿರ ಜಾಸ್ತಿ ಹೊತ್ತು ನಿಂತಿದ್ದರು.

ನನಗೆ ಕೋಟೆಯಲ್ಲಿ ಎಲ್ಲಕ್ಕಿಂತ ಹಿಡಿಸುವುದು ನೀರಿನ ಏರ್ಪಾಡು. ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿದರೆ ನೀರು ಅಕ್ಕ ತಂಗಿ ಹೊಂಡಕ್ಕೆ. ಅಲ್ಲಿಂದ ಇಳಿದು ಸಿಹಿನೀರು ಹೊಂಡ, ಕೊನೆಗೆ ಪೇಟೆಯ ಸಂತೆ ಹೊಂಡ. ಮಳೆ ಕಡಿಮೆ ಇರುವ ಈ ಸೀಮೆಯಲ್ಲಿ ಬಿದ್ದ ಹನಿಯನ್ನು ಬಂಡೆಯ ಮೇಲಿಂದ ಊರಿನವರೆಗೂ ಕೈ ಹಿಡಿದು ಕರೆತಂದಿದ್ದಾರೆ. 1779ರಲ್ಲಿ ಹೈದರಾಲಿ ಕೋಟೆ ತೆಗೆದುಕೊಂಡ, ಮದಕರಿ ನಾಯಕನ ಆಳ್ವಿಕೆ ಮುಗಿಯಿತು. ಕಾದಾಟದ ಕಥೆ ಹೇಳುವವರು ಬಹಳ ಜನ. ನೀರಿನ ಕಥೆ ಹೇಳುವವರು ಕಡಿಮೆ.

ಕೋಟೆಯೊಳಗೆ ಏಕನಾಥೇಶ್ವರಿ, ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರ, ಎಲ್ಲ ಗುಡಿಗೂ ಫಾದರ್ ಬಂದರು. ಚಪ್ಪಲಿ ಬಿಟ್ಟು ಒಳಗೆ ನಿಂತು, ಕಂಬ ನೋಡಿ, ಪೂಜಾರಿಯ ಹತ್ತಿರ ಮನೆ ಮಕ್ಕಳ ಸುದ್ದಿ ಕೇಳಿದರು. ಪೂಜಾರಿ "ಮತ್ತೆ ಬಂದ್ರಾ ಸ್ವಾಮೇರಾ" ಅಂದರು. ಗುಡಿಯೊಳಗೆ ಬಿಳಿ ನಿಲುವಂಗಿ ನೋಡಿದರೆ ಅಲ್ಲಿ ಯಾರಿಗೂ ಆಶ್ಚರ್ಯವಿಲ್ಲ. ನಮ್ಮ ಗುಂಪಿನ ಕೆಲವರಿಗೆ ಮೊದಮೊದಲು ಇರುಸುಮುರುಸು ಇತ್ತು ಅನ್ನುವುದು ಸುಳ್ಳಲ್ಲ, ಎರಡೂ ಕಡೆಯವರಿಗೆ. ಈಗ ಅದರ ಮಾತೇ ಇಲ್ಲ.

ಮಧ್ಯಾಹ್ನದ ಮೇಲೆ ಚಂದ್ರವಳ್ಳಿ. ಅಂಕಲಿ ಮಠದ ಗುಹೆಯೊಳಗೆ ಕತ್ತಲೆ, ಗೊತ್ತಿರುವವರು ಜೊತೆಗಿದ್ದರೆ ಒಳ್ಳೆಯದು. ಹೊರಗೆ ಭೈರವೇಶ್ವರ ಗುಡಿ ಹತ್ತಿರದ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಶಾಸನವಿದೆ. ನಾಲ್ಕನೇ ಶತಮಾನದ್ದು. ಅದರಲ್ಲೂ ಕೆರೆಯದೇ ಮಾತು. ಇಲ್ಲಿ ಅಗೆದಾಗ ರೋಮಿನ ಬೆಳ್ಳಿ ನಾಣ್ಯ ಸಿಕ್ಕಿತ್ತು ಅಂದಾಗ ಹುಡುಗರು ನೆಲ ಕೆರೆಯಲು ಶುರು ಮಾಡಿದರು. ಫಾದರ್ ಎಲ್ಲರ ಕೈಗೂ ಚೀಲ ಕೊಟ್ಟು, "ನೆಲದಲ್ಲಿ ಸಿಗೋದೇ ಬೇಕಿದ್ರೆ ಪ್ಲಾಸ್ಟಿಕ್ ಆರಿಸ್ರಿ" ಅಂದರು. ಚೀಲ ಬೇಗ ತುಂಬಿದವು. ಪ್ರವಾಸಿ ತಾಣ ಅಂದರೆ ನಮ್ಮ ಜನಕ್ಕೆ ಕುರುಕಲು ತಿಂದು ಬಿಸಾಡುವ ಜಾಗ, ಅಲ್ವಾ?

ರಾತ್ರಿ ದುರ್ಗದಲ್ಲೇ ಉಳಿದು ಬೆಳಿಗ್ಗೆ ಚಳ್ಳಕೆರೆ ದಾರಿ ಹಿಡಿದೆವು. ಶೇಂಗಾ ಕಿತ್ತ ಹೊಲ, ಎಣ್ಣೆ ಮಿಲ್ಲು, ಕುರಿ ಹಿಂಡು. ಆಮೇಲೆ ಬರೀ ಬಯಲು.

ಬ್ರಹ್ಮಗಿರಿ ಇರುವುದು ಮೊಳಕಾಲ್ಮೂರು ತಾಲೂಕಿನ ಸಿದ್ದಾಪುರದ ಹತ್ತಿರ. ಅಶೋಕನ ಶಾಸನ ಇಲ್ಲಿದೆ ಅಂತ 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದರು. ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲೂ ಅಶೋಕನ ಶಾಸನಗಳು ಸಿಕ್ಕಿವೆ. 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ಅಗೆತ ನಡೆಸಿದರು. ಅಶೋಕನಿಗಿಂತ ಬಹಳ ಹಿಂದೆ, ಕಲ್ಲಿನ ಕೊಡಲಿ ಹಿಡಿದ ಜನರೂ ಇಲ್ಲಿ ಬದುಕಿದ್ದರು ಅನ್ನುವುದು ಅಗೆತದಿಂದ ಗೊತ್ತಾಯಿತು. ಬಂಡೆ ನೋಡಿದರೆ ಅಂಥ ದೊಡ್ಡದೇನಲ್ಲ. ಅಕ್ಷರ ಸವೆದಿವೆ.

ನಮ್ಮ ಗುಂಪಿನಲ್ಲಿದ್ದ ನಿವೃತ್ತ ಲೆಕ್ಚರರ್ ಮೇಡಂ ಅದರ ಸಾರಾಂಶ ಹೇಳಿದರು. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಇಸಿಲ ಅನ್ನುವ ಊರಿನ ಅಧಿಕಾರಿಗಳಿಗೆ ಕಳಿಸಿದ ಆಜ್ಞೆ ಅದು. ತಂದೆ ತಾಯಿಯ ಮಾತು ಕೇಳಬೇಕು. ಪ್ರಾಣಿಗಳ ಮೇಲೆ ದಯೆ ಇರಬೇಕು. ಸತ್ಯ ಹೇಳಬೇಕು. ಶಿಷ್ಯ ಗುರುವಿಗೆ ಗೌರವ ಕೊಡಬೇಕು. ಇದು ಹಳೇ ಕಾಲದಿಂದ ಬಂದ ನಡತೆ. ಕೆಳಗೆ ಬರೆದವನ ಹೆಸರೂ ಇದೆ, ಚಪಡ. ಲಿಪಿಕಾರ ಅನ್ನುವುದನ್ನು ಮಾತ್ರ ಬಲದಿಂದ ಎಡಕ್ಕೆ ಓದುವ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಆ ಲಿಪಿ ನಡೆಯುತ್ತಿದ್ದುದು ಅಲ್ಲಿ ದೂರದ ವಾಯವ್ಯದಲ್ಲಿ.

"ನೋಡ್ರಿ, ಅವನೂ ವರ್ಗವಾಗಿ ಬಂದವನೇ ಇರಬೇಕು" ಅಂದರು ಫಾದರ್. ಎಲ್ಲರೂ ನಕ್ಕರು.

ಆ ನಗುವಿನ ನಡುವೆಯೇ ಮೇಡಂ ಬ್ಯಾಗಿನಿಂದ ಶಾಲು ತೆಗೆದರು. ಬಟ್ಟೆ ಅಂಗಡಿಯವರು ಹಾರ ಮುಚ್ಚಿಟ್ಟು ತಂದಿದ್ದರು. ಫಾದರ್ ಹಿಂದಕ್ಕೆ ಸರಿದರು. "ಗುರುವಿಗೆ ಗೌರವ ಕೊಡಬೇಕು ಅಂತ ಅಶೋಕನೇ ಬರೆಸಿದ್ದಾನಲ್ರೀ ಫಾದರ್, ನೀವೇ ಕರ್ಕೊಂಡು ಬಂದು ತೋರಿಸಿದ್ರಿ" ಅಂದರು ಮೇಡಂ. ಅದಕ್ಕೆ ಉತ್ತರ ಇರಲಿಲ್ಲ. ಶಾಲು ಹೊದೆಸಿದ್ದು ಮಾತ್ರ ನಾವಲ್ಲ. ಮೊದಲ ಸಲ ಕೆಂಪು ಬಸ್ಸಿನಲ್ಲಿ ದುರ್ಗಕ್ಕೆ ಹೋಗಿದ್ದ ಭಟ್ಟಿಯ ಹುಡುಗ, ಈಗ ಐಟಿಐ ಓದುತ್ತಿದ್ದಾನೆ, ಅವನು ಹೊದೆಸಿದ. ಭಾಷಣ ಇರಲಿಲ್ಲ. ಹಣ್ಣಿನ ಬುಟ್ಟಿ ಅಲ್ಲೇ ನಿಂತು ನೋಡುತ್ತಿದ್ದ ಊರ ಮಕ್ಕಳ ಪಾಲಾಯಿತು. ವೇದಿಕೆಯ ಮೇಲೆ ಇದೇ ಕಾರ್ಯಕ್ರಮ ಆಗಿದ್ದರೆ ಸ್ವಾಗತ, ವಂದನಾರ್ಪಣೆ ಅಂತ ಮೂರು ತಾಸು ಎಳೆಯುತ್ತಿತ್ತು.

ಮೊಳಕಾಲ್ಮೂರಿಗೆ ಬಂದು ರೇಷ್ಮೆ ಸೀರೆ ನೋಡದೆ ಹೋಗುವುದುಂಟಾ? ಹೆಂಗಸರು ಬಸ್ ನಿಲ್ಲಿಸಿಯೇ ಬಿಟ್ಟರು. ನೇಕಾರರ ಮನೆಯಲ್ಲಿ ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂತು ಫಾದರ್ ಲಾಳಿ ಎಸೆಯಲು ನೋಡಿದರು. ಎಳೆ ಹರಿಯುತ್ತದೆ ಅಂತ ಆ ಮನೆ ಅಜ್ಜಿ ಎಬ್ಬಿಸಿದರು. ಸೀರೆ ಕೊಂಡವರು ಕಡಿಮೆ, ದರ ಕೇಳಿದವರು ಜಾಸ್ತಿ.

ವಾಪಸ್ ಬರುವಾಗ ಬಸ್ಸಿನಲ್ಲಿ ಮುಂದಿನ ಊರಿನ ಜಗಳ. ಕೆಲವರಿಗೆ ಸಂತೇಬೆನ್ನೂರು ಪುಷ್ಕರಣಿ ಬೇಕು. ಕೆಲವರಿಗೆ ಹರಿಹರ, ಒಂದೇ ದಿನಕ್ಕೆ ಹರಿಹರೇಶ್ವರ ಗುಡಿ, ಆರೋಗ್ಯ ಮಾತೆ ಚರ್ಚು, ಹೊಳೆ ಮೂರೂ ಆಗುತ್ತವೆ ಅಂತ. ಫಾದರ್ ಯಾರ ಪರವೂ ಮಾತಾಡಲಿಲ್ಲ. ಶಾಲನ್ನು ಮಡಚಿ ನಿದ್ದೆ ಹೋಗಿದ್ದ ಒಂದು ಮಗುವಿನ ತಲೆಗೆ ದಿಂಬು ಮಾಡಿ, ನೋಟ್‌ಬುಕ್ ತೆಗೆದರು. "ಊರು ಆಮೇಲೆ. ಮೊದಲು ಅಡ್ವಾನ್ಸ್ ಕೊಡೋರು ಹೆಸರು ಬರೆಸ್ರಿ."