ಸಂಕ್ರಾಂತಿಯಿಂದ ಉಗಾದಿಯವರೆಗಿನ ಮನೆಲೆಕ್ಕ

ಪಟ್ಟಣದಲ್ಲಿರುವ ಗೆಳತಿಯರು ಮಿತವ್ಯಯದ ಮಾತೆತ್ತಿದಾಗಲೆಲ್ಲ ತಿಂಗಳ ಖರ್ಚಿನ ಪಟ್ಟಿಯನ್ನು ಮುಂದಿಡುತ್ತಾರೆ. ದಿನಸಿಗೆ ಇಷ್ಟು, ಹಾಲಿಗೆ ಇಷ್ಟು, ಮಕ್ಕಳ ಫೀಜಿಗೆ ಇಷ್ಟು ಎಂದು ಬರೆದು, ಯಾವ ಸಾಲನ್ನು ಹೊಡೆದುಹಾಕಬಹುದು ಎಂದು ಹುಡುಕುತ್ತಾರೆ. ಸಂಬಳ ತಿಂಗಳಿಗೊಮ್ಮೆ ಬರುವ ಮನೆಗೆ ಅದು ಸರಿಯಾದ ಕ್ರಮವೇ. ಆದರೆ ಹೊಸದುರ್ಗ ತಾಲ್ಲೂಕಿನ ನಮ್ಮಂಥ ಮಳೆಯಾಶ್ರಯದ ಊರಿನಲ್ಲಿ ದುಡ್ಡೂ ಧಾನ್ಯವೂ ಹೆಚ್ಚುಕಡಿಮೆ ವರ್ಷಕ್ಕೊಮ್ಮೆ ಕೈಗೆ ಬರುವುದರಿಂದ, ತಿಂಗಳ ಪಟ್ಟಿ ಹಿಡಿದು ಉಳಿಸಲು ಹೊರಟವರಿಗೆ ಉಳಿಯುವುದು ಚಿಲ್ಲರೆ ಮಾತ್ರ. ನಮ್ಮ ಉಳಿತಾಯವೆಲ್ಲ ರಾಗಿ ಕಣದಿಂದ ಮನೆಗೆ ಬಂದ ಮೇಲೆ, ಸಂಕ್ರಾಂತಿಯಿಂದ ಉಗಾದಿಯೊಳಗೆ, ಏನನ್ನು ಮಾರಬೇಕು, ಏನನ್ನು ಇಟ್ಟುಕೊಳ್ಳಬೇಕು, ಇಟ್ಟುಕೊಂಡದ್ದನ್ನು ಹುಳಕ್ಕೆ ಬಿಡದೆ ಹೇಗೆ ಕಾಯಬೇಕು ಎಂಬ ತೀರ್ಮಾನಗಳಲ್ಲೇ ಆಗಿಹೋಗಿರುತ್ತದೆ. ಆಷಾಢದಲ್ಲಿ ಅಂಗಡಿಯವನೊಡನೆ ಎಷ್ಟು ಚೌಕಾಸಿ ಮಾಡಿದರೂ ಮಾಘದಲ್ಲಿ ಕೈತಪ್ಪಿದ್ದು ಮತ್ತೆ ಸಿಗುವುದಿಲ್ಲ.

ಮೊದಲ ಪ್ರಶ್ನೆ ರಾಗಿಯದು. ಐದು ಜನರ ಮನೆಯಲ್ಲಿ ಎರಡು ಹೊತ್ತು ಮುದ್ದೆಯಾದರೆ ದಿನಕ್ಕೆ ಸುಮಾರು ಒಂದು ಕಿಲೋ ಹಿಟ್ಟು ಬೇಕು. ಬಂದುಹೋಗುವ ನೆಂಟರನ್ನೂ ಹೊಲದ ಆಳುಗಳನ್ನೂ ಸೇರಿಸಿದರೆ ವರ್ಷಕ್ಕೆ ನಾಲ್ಕು ಕ್ವಿಂಟಲ್ ಎಂದು ನಾವು ಎತ್ತಿಡುತ್ತೇವೆ. ಈ ನಾಲ್ಕು ಕ್ವಿಂಟಲನ್ನು ಮನೆಯಲ್ಲಿ ಉಳಿಸಿಕೊಳ್ಳುವುದು ವರ್ಷವರ್ಷಕ್ಕೂ ಕಷ್ಟವಾಗುತ್ತಿದೆ, ಏಕೆಂದರೆ ಬೆಲೆ ಚೆನ್ನಾಗಿದೆ. ಕ್ವಿಂಟಲ್ ರಾಗಿಯ ಬೆಂಬಲ ಬೆಲೆ 2023-24ರಲ್ಲಿ 3,846 ರೂಪಾಯಿ ಇದ್ದದ್ದು 2024-25ರಲ್ಲಿ 4,290ಕ್ಕೂ 2025-26ರಲ್ಲಿ 4,886ಕ್ಕೂ ಏರಿತು. ಬೆಳೆದವರಿಗೆ ಇದು ಸಂತೋಷದ ಸಂಗತಿಯೇ ಸರಿ, ನಾನೂ ಸಂತೋಷಪಟ್ಟವಳೇ. ಆದರೆ ಖರೀದಿ ಕೇಂದ್ರಕ್ಕೆ ಚೀಲ ಏರಿಸುವ ಹುರುಪಿನಲ್ಲಿ ಮನೆಯ ರಾಗಿಯನ್ನೂ ಏರಿಸಿ, ಶ್ರಾವಣದ ಹೊತ್ತಿಗೆ ಪೊಟ್ಟಣದ ಹಿಟ್ಟು ತರುವ ಮನೆಗಳು ನಮ್ಮೂರಿನಲ್ಲೇ ಬೇಕಾದಷ್ಟಿವೆ. ಮಾರುವಾಗ ಕಿಲೋಗೆ ಐವತ್ತು ರೂಪಾಯಿಯೊಳಗೆ ಹೋದ ರಾಗಿ, ಬೀಸುವ ಕೂಲಿ, ಪೊಟ್ಟಣದ ಖರ್ಚು ಮತ್ತು ಅಂಗಡಿಯವನ ಲಾಭವನ್ನು ಹೊತ್ತುಕೊಂಡು ಮರಳಿ ಬರುತ್ತದೆ. ಅದು ಯಾವ ವರ್ಷದ ರಾಗಿಯೋ ತಿಳಿಯುವುದಿಲ್ಲ ಎಂಬುದು ಬೇರೆ. "ರಾಗಿ ಮಾರಿ ಹಿಟ್ಟು ತರೋ ಮನೆಗೆ ಹೆಣ್ಣು ಕೊಡಬಾರ್ದು ಅಂತಿದ್ರು ಕಣಮ್ಮಾ ನಮ್ಮ ಕಾಲದಲ್ಲಿ" ಎಂದು ನಮ್ಮ ಅತ್ತೆ ಹೇಳುತ್ತಾರೆ. ಹಾಗೆ ನೋಡಿದರೆ ಈಗ ಊರಿನ ಅರ್ಧ ಗಂಡುಮಕ್ಕಳಿಗೆ ಮದುವೆಯಾಗುವುದಿಲ್ಲ.

ರಾಗಿಯನ್ನು ಇಡುವುದು ಸುಲಭ. ಕಾಳು ಸಣ್ಣದಾಗಿ ಗಟ್ಟಿಯಾಗಿರುವುದರಿಂದ ಹುಳು ಅದರ ತಂಟೆಗೆ ಬರುವುದು ಕಡಿಮೆ. ಹಿಂದೆ ಇದನ್ನು ನೆಲದೊಳಗಿನ ಹಗೇವಿಗೆ ತುಂಬಿ ಬಾಯಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಗಾಳಿ ಕೆಟ್ಟು ಹುಳು ಬದುಕಲಾರದ್ದರಿಂದ ರಾಗಿ ಹಲವು ವರ್ಷ ಹಾಗೆಯೇ ಇರುತ್ತಿತ್ತು. ಅದೇ ಕಾರಣಕ್ಕೆ ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ, ದೀಪ ಇಳಿಬಿಟ್ಟು ಅದು ಆರದೆ ಉರಿಯುತ್ತದೆಯೇ ಎಂದು ನೋಡಿದ ಮೇಲೆಯೇ ಇಳಿಯುತ್ತಿದ್ದರು. ನಮ್ಮ ಮನೆಯ ಹಗೇವು ಈಗ ಸಿಮೆಂಟಿನ ಅಂಗಳದ ಕೆಳಗೆ ಸೇರಿಹೋಗಿದೆ. ರಾಗಿಯೂ ಸಾಮೆಯೂ ತಗಡಿನ ಡ್ರಮ್ಮಿನಲ್ಲಿರುತ್ತವೆ.

ಸಾಮೆ, ನವಣೆಗಳ ವಿಷಯದಲ್ಲಿ ಒಂದು ಎಚ್ಚರ ಬೇಕು. ಹೊಟ್ಟಿನೊಡನೆ ಇಟ್ಟರೆ ಅವು ಬಹಳ ಕಾಲ ಇರುತ್ತವೆ, ಅಕ್ಕಿ ಮಾಡಿಸಿದ ಮೇಲೆ ಮಾತ್ರ ಬೇಗ ಕಮಟು ವಾಸನೆ ಹಿಡಿಯುತ್ತವೆ. ತೌಡಿನಲ್ಲಿರುವ ಎಣ್ಣೆಯಂಶ ಗಾಳಿಗೆ ತೆರೆದುಕೊಂಡು ಕೆಡುವುದೇ ಇದಕ್ಕೆ ಕಾರಣ. ಆದ್ದರಿಂದ ಒಂದು ತಿಂಗಳಿಗೆ ಬೇಕಾದಷ್ಟನ್ನು ಮಾತ್ರ ಮಿಲ್ಲಿಗೆ ಕೊಡುತ್ತೇವೆ. ಸಿರಿಧಾನ್ಯವೆಂದು ಪಟ್ಟಣದಲ್ಲಿ ದುಬಾರಿ ಬೆಲೆ ಕೊಟ್ಟು ಒಮ್ಮೆಗೇ ಐದಾರು ಕಿಲೋ ಸಾಮೆ ಅಕ್ಕಿ ತಂದಿಟ್ಟು, ಆಮೇಲೆ ಕಹಿಯೆಂದು ದೂರುವವರು ಇಷ್ಟನ್ನು ತಿಳಿದಿದ್ದರೆ ಸಾಕು. ಅತ್ತೆಯ ಕಾಲದಲ್ಲಿ ಈ ಕೆಲಸವೆಲ್ಲ ಒರಳು ಒನಕೆಯದು. ಒನಕೆ ಎಂದೊಡನೆ ಚಿತ್ರದುರ್ಗ ಜಿಲ್ಲೆಯವರಾದ ನಮಗೆಲ್ಲ ಓಬವ್ವ ನೆನಪಾದರೆ, ಅತ್ತೆಗೆ ನೆನಪಾಗುವುದು ತಮ್ಮ ಭುಜದ ನೋವು.

ನಿಜವಾದ ಪರೀಕ್ಷೆಯಿರುವುದು ಕಾಳುಗಳಲ್ಲಿ. ಅವರೆ, ತೊಗರಿ, ಹುರುಳಿ, ಅಲಸಂದೆಗಳಿಗೆ ಹುಳುವಿನ ಮೊಟ್ಟೆ ಹೊಲದಿಂದಲೇ ಅಂಟಿಕೊಂಡು ಬರುವುದುಂಟು. ಹೀಗಾಗಿ ಡಬ್ಬಿಯ ಮುಚ್ಚಳ ಎಷ್ಟು ಬಿಗಿಯಾಗಿದ್ದರೂ, ಒಣಗಿಸುವುದರಲ್ಲಿ ಸೋಮಾರಿತನ ಮಾಡಿದರೆ ಉಗಾದಿ ಕಳೆಯುವುದರೊಳಗೆ ಕಾಳಿನಲ್ಲಿ ತೂತು ಕಾಣಿಸುತ್ತದೆ. ಮಾಳಿಗೆಯ ಮೇಲೆ ಹರಡಿ, ದಿನಕ್ಕೆರಡು ಸಲ ಕೈಯಾಡಿಸಿ, ಹಲ್ಲಿನಲ್ಲಿ ಕಡಿದಾಗ ಬಾಗದೆ ಕಟ್ಟೆಂದು ಒಡೆಯುವ ತನಕ ಬಿಸಿಲಿಗೆ ಬಿಡಬೇಕು. ಬಿಸಿಲಿನಿಂದ ತೆಗೆದ ಕಾಳನ್ನು ಬಿಸಿಯಾರುವ ಮುಂಚೆ ತುಂಬಿಬಿಟ್ಟರೆ ಒಳಗೆ ಬೆವರಿ ಎಲ್ಲವೂ ವ್ಯರ್ಥವಾಗುತ್ತದೆ, ಆದ್ದರಿಂದ ರಾತ್ರಿ ಆರಲು ಬಿಟ್ಟು ಬೆಳಗ್ಗೆ ತುಂಬಬೇಕು. ಬಿತ್ತನೆಗೆ ಇಡುವ ಕಾಳಿಗೆ ಜರಡಿ ಹಿಡಿದ ಬೂದಿ ಬೆರೆಸುತ್ತೇವೆ, ಅಡುಗೆಯ ತೊಗರಿಬೇಳೆಗೆ ಸ್ವಲ್ಪ ಹರಳೆಣ್ಣೆ ಸವರುತ್ತೇವೆ. ಎಣ್ಣೆಯ ಪೊರೆಯಿದ್ದರೆ ಹುಳುವಿನ ಮೊಟ್ಟೆ ಮರಿಯಾಗುವುದು ಕಷ್ಟ. ತೊಗರಿಗೆ ಕೆಮ್ಮಣ್ಣು ಕಟ್ಟಿ, ಒಣಗಿಸಿ, ಬೀಸುವ ಕಲ್ಲಿನಲ್ಲಿ ಬೇಳೆ ಒಡೆಯುವ ಕ್ರಮವನ್ನು ಅತ್ತೆಯಿಂದ ಕಲಿತಿದ್ದೇನೆ. ಅದರ ಬೇಳೆಯ ರುಚಿಗೆ ಸಾಟಿಯಿಲ್ಲ. ಆದರೂ ವರ್ಷದ ಬೇಳೆಯನ್ನೆಲ್ಲ ಹಾಗೆ ಒಡೆಯುವ ಶಕ್ತಿ ನನಗಿಲ್ಲದ ಕಾರಣ ಹಬ್ಬದ ಹೋಳಿಗೆಗೆ ಮಾತ್ರ ಆ ಬೇಳೆ, ಉಳಿದದ್ದಕ್ಕೆ ಮಿಲ್ಲು.

ಈ ಕಾಳುಗಳು ನಮಗೆ ಕೊಳ್ಳದೆ ಸಿಗುತ್ತಿರುವುದು ಅಕ್ಕಡಿ ಸಾಲಿನಿಂದ. ರಾಗಿಯ ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಒಂದಿಷ್ಟು ಜೋಳ, ಹೊಲದ ಅಂಚಿಗೆ ಹರಳು ಎಂದು ಹಿರಿಯರು ಹಾಕಿಕೊಂಡು ಬಂದ ಸಾಲುಗಳವು. ಮಳೆ ಕೈಕೊಟ್ಟು ರಾಗಿ ಸೊರಗಿದ ವರ್ಷವೂ ಹಿಂಗಾರಿನ ಒಂದೆರಡು ಮಳೆಗೆ ಅವರೆ ತೊಗರಿಗಳಾದರೂ ಕೈಹಿಡಿಯುತ್ತವೆ. ಮೆಕ್ಕೆಜೋಳ ಬಂದ ಮೇಲೆ ನಮ್ಮ ಕಡೆಯೂ ದಾವಣಗೆರೆ ಕಡೆಯೂ ಅಕ್ಕಡಿ ಸಾಲು ಮಾಯವಾಗುತ್ತಾ ಬಂತು. ಬೆಲೆಯ ಆಸೆ ಒಂದು ಕಾರಣವಾದರೆ, ಮೆಕ್ಕೆಜೋಳಕ್ಕೆ ಹೊಡೆಯುವ ಕಳೆನಾಶಕ ಅಗಲ ಎಲೆಯ ಗಿಡಗಳನ್ನೆಲ್ಲ ಕೊಲ್ಲುತ್ತದೆ ಎಂಬುದು ಇನ್ನೊಂದು ಕಾರಣ. ಅದನ್ನು ಹೊಡೆದ ಹೊಲದಲ್ಲಿ ಅವರೆಯೂ ಬರುವುದಿಲ್ಲ, ಅಣ್ಣೆ, ಹೊನಗೊನೆ, ಕೀರೆಗಳಂತಹ ಬೆರಕೆ ಸೊಪ್ಪೂ ಏಳುವುದಿಲ್ಲ. ಮೆಕ್ಕೆಜೋಳದ ಲಾಭದ ಲೆಕ್ಕ ಹಾಕುವ ಗಂಡಸರು, ಅದರಿಂದಾಗಿ ಸಂತೆಯಲ್ಲಿ ಸೊಪ್ಪಿಗೂ ಬೇಳೆಗೂ ಎಣಿಸಿದ ದುಡ್ಡನ್ನು ಆ ಲೆಕ್ಕದಿಂದ ಕಳೆಯುವುದೇ ಇಲ್ಲ. ನಮ್ಮ ಯಜಮಾನರೊಡನೆ ಈ ಬಗ್ಗೆ ಸಾಕಷ್ಟು ವಾದವಾದ ಮೇಲೆ ಮನೆಗೆ ಹತ್ತಿರದ ಹೊಲವನ್ನು ರಾಗಿಗೂ ಅಕ್ಕಡಿಗೂ ಬಿಟ್ಟು, ದೂರದ ಹೊಲಕ್ಕೆ ಮೆಕ್ಕೆಜೋಳ ಎಂದು ರಾಜಿಯಾಗಿದ್ದೇವೆ.

ಮನೆಯಲ್ಲಿ ಕಾಳಿದ್ದರೆ ಅಡುಗೆ ತಾನಾಗಿಯೇ ಮಿತವಾಗುತ್ತದೆ. ಹುರುಳಿ ಬೇಯಿಸಿ ಬಸಿದ ಕಟ್ಟಿನಿಂದ ಸಾರು, ಬೆಂದ ಕಾಳಿಗೆ ಒಗ್ಗರಣೆ ಹಾಕಿ ಪಲ್ಯ, ಮರುದಿನ ಅದೇ ಸಾರು ಇನ್ನಷ್ಟು ರುಚಿ. ಸೊಪ್ಪು ಸಿಕ್ಕ ದಿನ ಬಸ್ಸಾರು. ಬೆಳಗಿನ ತಿಂಡಿಗೆ ಮಕ್ಕಳು ದೋಸೆ, ಉಪ್ಪಿಟ್ಟು ಕೇಳುತ್ತಾರೆ, ನನಗೂ ಅತ್ತೆಗೂ ಅಂಬಲಿಯಾದರೆ ಸಾಕು. ಪಡಿತರದ ಅಕ್ಕಿ ಒಂದು ಹೊತ್ತಿನ ಅನ್ನಕ್ಕೂ ದೋಸೆ ಸಂಡಿಗೆಗಳಿಗೂ ಆಗುತ್ತದೆ. ಸಂಜೆ ಶಾಲೆಯಿಂದ ಬಂದ ಹುಡುಗರು ಅಂಗಡಿಯ ಹೊಳೆಯುವ ಪೊಟ್ಟಣಗಳತ್ತ ನೋಡುವುದನ್ನು ತಪ್ಪಿಸಲಾಗುವುದಿಲ್ಲ. ದಾವಣಗೆರೆ ಪಕ್ಕದಲ್ಲೇ ಇರುವ ಪುಣ್ಯಕ್ಕೆ ಮಂಡಕ್ಕಿ ಮಾತ್ರ ಎಂದೂ ತಪ್ಪಿಲ್ಲ. ಅದಕ್ಕೆ ಹುರಿದ ಕಡಲೆಕಾಯಿ ಬೀಜ, ಬೆಳ್ಳುಳ್ಳಿ, ಕರಿಬೇವಿನ ಒಗ್ಗರಣೆ ಕೊಟ್ಟರೆ ಪೊಟ್ಟಣದ ನೆನಪು ಅರ್ಧ ಗಂಟೆಯಾದರೂ ದೂರವಾಗುತ್ತದೆ. ದಾವಣಗೆರೆಗೆ ಹೋದಾಗ ಬೆಣ್ಣೆದೋಸೆಗೆ ಕೊಡುವ ದುಡ್ಡನ್ನು ನಾನು ಯಾವ ಲೆಕ್ಕಕ್ಕೂ ಬರೆಯುವುದಿಲ್ಲ.

ಅಡುಗೆ ಎಣ್ಣೆಯ ವಿಷಯದಲ್ಲಿ ಚಳ್ಳಕೆರೆ ಕಡೆಯ ನೆಂಟರು ನಮಗಿಂತ ಅನುಕೂಲಸ್ಥರು, ಅವರದು ಕಡಲೆಕಾಯಿಯ ಸೀಮೆ. ಅವರಿಂದ ಕಾಯಿ ಕೊಂಡು, ಸುಲಿದು ಗಾಣಕ್ಕೆ ಕೊಡುತ್ತೇವೆ. ಬೀಜದ ತೂಕದಲ್ಲಿ ಅರ್ಧಕ್ಕೆ ಸಮೀಪ ಎಣ್ಣೆಯಂಶವಿದ್ದರೂ ಗಾಣದಲ್ಲಿ ಅಷ್ಟೂ ಇಳಿಯುವುದಿಲ್ಲ. ಉಳಿದ ಎಣ್ಣೆಯೊಡನೆ ಹಿಂಡಿ ಹಸುವಿನ ಬಾನಿಗೆ ಹೋಗುತ್ತದೆ. ಹಿಂಡಿಯ ಬೆಲೆಯನ್ನು ಕಳೆಯದೆ ಗಾಣದೆಣ್ಣೆ ದುಬಾರಿಯೆನ್ನುವವರ ಲೆಕ್ಕ ಅರ್ಧದ್ದು. ಹಸುವಿಲ್ಲದ ಮನೆಗೆ ಮಾತ್ರ ಅದು ನಿಜವಾಗಿಯೂ ದುಬಾರಿಯೇ, ಅವರಿಗೆ ಗಾಣದೆಣ್ಣೆಯ ಉಪದೇಶ ಮಾಡುವುದು ತರವಲ್ಲ.

ಹೊಸದುರ್ಗದವರಾದ ನಮಗೆ ತೆಂಗು ಇದೆ, ಅದರಲ್ಲಿ ಎಸೆಯುವುದೇನೂ ಇಲ್ಲ. ಸಿಪ್ಪೆಯೂ ಚಿಪ್ಪೂ ಬಚ್ಚಲ ಹಂಡೆಯ ಒಲೆಗೆ, ಆ ಒಲೆಯ ಬೂದಿ ಪಾತ್ರೆಗೂ ಬಿತ್ತನೆ ಕಾಳಿಗೂ ಬದನೆ ಗಿಡದ ಹುಳಕ್ಕೂ, ನಾರು ಪಾತ್ರೆ ತಿಕ್ಕಲು, ಗರಿಯ ಕಡ್ಡಿ ಪೊರಕೆಗೆ. ಬಚ್ಚಲ ನೀರು ಬಾಳೆಗೂ ಕೆಸುವಿಗೂ ಹೋಗುತ್ತದೆ. ಹಳೆಯ ಸೀರೆಗಳು ಕೌದಿಯಾಗುತ್ತವೆ, ಆದರೆ ಈಗಿನ ಪಾಲಿಯೆಸ್ಟರ್ ಸೀರೆಯ ಕೌದಿ ಬೇಸಿಗೆಯಲ್ಲಿ ಹೊದೆಯಲಾಗದಷ್ಟು ಸೆಖೆ.

ಹಳೆಯ ಮಿತವ್ಯಯವೆಲ್ಲ ಒಳ್ಳೆಯದು ಎಂದು ನಾನು ನಂಬುವುದಿಲ್ಲ. ಹಂಡೆಗೆ ಸೌದೆ ಸರಿ, ಅಡುಗೆ ಒಲೆಗೆ ಸಲ್ಲ. ಗ್ಯಾಸ್ ಉಳಿಸುವುದಕ್ಕೆಂದು ಮುಚ್ಚಿದ ಅಡುಗೆಮನೆಯಲ್ಲಿ ಹೊಗೆ ಕುಡಿದ ಹೆಂಗಸರ ಕೆಮ್ಮನ್ನು ಯಾರೂ ಖರ್ಚಿನ ಪುಸ್ತಕದಲ್ಲಿ ಬರೆದಿಲ್ಲ. 14.2 ಕಿಲೋದ ಸಿಲಿಂಡರನ್ನು ಹೆಚ್ಚು ದಿನ ಬಾಳಿಸಲು ಕಾಳನ್ನು ರಾತ್ರಿಯೇ ನೆನೆಸಿ ಕುಕ್ಕರಿನಲ್ಲಿ ಬೇಯಿಸುವುದು ಸಾಕು. ಹಾಗೆಯೇ, ಎಲ್ಲರೂ ಉಂಡ ಮೇಲೆ ಮಿಕ್ಕದ್ದನ್ನು, ಅದೂ ಹಳಸುವ ಅಂಚಿನಲ್ಲಿದ್ದದ್ದನ್ನು ಮನೆಯ ಹೆಂಗಸು ತಿಂದು ಮುಗಿಸುವುದು ನಮ್ಮಲ್ಲಿ ದೊಡ್ಡ ಗುಣವೆನಿಸಿಕೊಂಡಿತ್ತು. ಅತ್ತೆ ಇಂದಿಗೂ ಹಾಗೆ ಮಾಡಲು ಹೊರಡುತ್ತಾರೆ, ನಾನು ಪಾತ್ರೆ ಕಿತ್ತುಕೊಂಡು ಹಸುವಿನ ಕಲಗಚ್ಚಿಗೆ ಸುರಿಯುತ್ತೇನೆ. ಅಳತೆ ಮಾಡಿ ಬೇಯಿಸಿದರೆ ಮಿಕ್ಕುವುದೇ ಇಲ್ಲವಲ್ಲ. ಕುಡಿಯುವ ನೀರಿನಲ್ಲೂ ಉಳಿತಾಯ ಬೇಡ. ನಮ್ಮ ಜಿಲ್ಲೆಯ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇರುವಾಗ, ಶುದ್ಧ ನೀರಿನ ಘಟಕಕ್ಕೆ ಹೋಗಿ ಕ್ಯಾನು ತುಂಬಿಸಿಕೊಂಡು ಬರುವ ಶ್ರಮವನ್ನು ದುಂದು ಎನ್ನಲಾಗದು.

ಇದೆಲ್ಲದರ ಅಡಿಯಲ್ಲಿರುವ ಖರ್ಚು ಹೆಂಗಸರ ದುಡಿಮೆಯದು. ಮಾಘ ಫಾಲ್ಗುಣಗಳಲ್ಲಿ ಕಾಳು ಒಣಗಿಸುವುದು, ಹುಣಸೆಹಣ್ಣು ಜಜ್ಜಿ ಬೀಜ ಬಿಡಿಸಿ ಉಪ್ಪು ಬೆರೆಸಿ ಮಡಕೆಗೆ ತುಂಬುವುದು, ಖಾರದ ಪುಡಿ, ಶಾವಿಗೆ, ಸಂಡಿಗೆ, ಬಾಳಕದ ಮೆಣಸಿನಕಾಯಿ ಎಲ್ಲವೂ ಒಟ್ಟಿಗೆ ತಲೆಯ ಮೇಲೆ ಬೀಳುತ್ತವೆ. ಹಿಂದೆ ಇದನ್ನು ಮುಯ್ಯಾಳಿನಲ್ಲಿ ಮಾಡುತ್ತಿದ್ದರು. ಇಂದು ನಮ್ಮ ಮನೆಯ ಹಪ್ಪಳಕ್ಕೆ ಕೇರಿಯ ಹೆಂಗಸರೆಲ್ಲ ಬಂದರೆ ನಾಳೆ ಅವರ ಮನೆಗೆ ನಾವು. ಈಗ ಬಹಳ ಮನೆಗಳ ಹೆಂಗಸರು ಗಾರ್ಮೆಂಟ್ಸಿಗೋ ಕೂಲಿಗೋ ಹೋಗುವುದರಿಂದ ಮುಯ್ಯಾಳು ಸಿಗುವುದಿಲ್ಲ. ಸಿಗಬೇಕೆಂದು ಕೇಳುವುದೂ ನ್ಯಾಯವಲ್ಲ, ಅವರ ಒಂದು ದಿನದ ಕೂಲಿ ನಮ್ಮ ವರ್ಷದ ಹಪ್ಪಳದ ಬೆಲೆಗಿಂತ ಅವರಿಗೆ ಹೆಚ್ಚು ಬೇಕಾದದ್ದು. ಹೀಗೆ ನೋಡಿದಾಗ ಯಾವುದನ್ನು ಮನೆಯಲ್ಲಿ ಮಾಡಬೇಕು, ಯಾವುದನ್ನು ಕೊಳ್ಳಬೇಕು ಎಂಬ ಪ್ರಶ್ನೆಗೆ ರುಚಿಗಿಂತಲೂ ಕೈಗಳ ಎಣಿಕೆಯೇ ಉತ್ತರ ಕೊಡುತ್ತದೆ. ಕಾಳು ಒಣಗಿಸುವುದನ್ನೂ ಹುಣಸೆಹಣ್ಣನ್ನೂ ಖಾರದ ಪುಡಿಯನ್ನೂ ನಾನು ಕೈ ಬಿಡುವವಳಲ್ಲ, ಏಕೆಂದರೆ ಅವುಗಳಲ್ಲಿ ಶ್ರಮಕ್ಕೆ ತಕ್ಕ ಉಳಿತಾಯವಿದೆ, ಅಂಗಡಿಯ ಖಾರದ ಪುಡಿಯ ಬಣ್ಣವನ್ನು ನಂಬುವ ಧೈರ್ಯವೂ ನನಗಿಲ್ಲ. ಶಾವಿಗೆಯನ್ನು ಮಿಷನ್ನಿನಲ್ಲಿ ಹಾಕಿಸುತ್ತೇವೆ.

2023ರ ಆಗಸ್ಟಿನಲ್ಲಿ ಶುರುವಾದ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ನಮ್ಮಲ್ಲಿ ಅತ್ತೆಯ ಖಾತೆಗೆ ಬರುತ್ತದೆ, ಅದು ಅವರದೇ ದುಡ್ಡು ಎಂದು ನಾವು ಮೊದಲೇ ಮಾತಾಡಿಕೊಂಡಿದ್ದೇವೆ. ಈ ಸಲ ಅದರಲ್ಲಿ ಸ್ವಲ್ಪ ಕೊಟ್ಟು ಸ್ತ್ರೀಶಕ್ತಿ ಸಂಘದ ಹೆಂಗಸರು ಮಾಡುವ ಹಪ್ಪಳವನ್ನೇ ಕೊಳ್ಳೋಣವೆಂದು ನಾನು ಹೇಳಿದ್ದಕ್ಕೆ, "ಕೊಂಡ ಹಪ್ಪಳ ಕರಿದ್ರೆ ಎಣ್ಣೆ ಕುಡಿಯುತ್ತೆ, ನೋಡು ಬೇಕಾದ್ರೆ" ಎಂದರು. ಅರ್ಧ ಕಿಲೋ ತಂದು ಕರಿದು ನೋಡಿದೆವು. ಎಣ್ಣೆಯೇನೂ ಕುಡಿಯಲಿಲ್ಲ, ಆದರೆ ಉಪ್ಪು ಮುಂದಾಗಿತ್ತು. ಉಪ್ಪು ಕಡಿಮೆ ಮಾಡಿಕೊಡುವುದಾದರೆ ವರ್ಷದ ಹಪ್ಪಳ ಅವರಿಂದಲೇ ಎಂದು ಸಂಘಕ್ಕೆ ಹೇಳಿ ಕಳಿಸಿದ್ದೇವೆ. ಸಂಡಿಗೆ ಮಾತ್ರ ಈ ವರ್ಷವೂ ನಮ್ಮ ಮಾಳಿಗೆಯ ಮೇಲೆಯೇ, ಅದರ ಬಗ್ಗೆ ಅತ್ತೆ ಚರ್ಚೆಗೇ ಒಪ್ಪಲಿಲ್ಲ.